ಹವಾಮಾನ ಬದಲಾವಣೆಯ ಪಾಠದಲ್ಲಿ ಮಕ್ಕಳ ಆತಂಕ ಮತ್ತು ದುಃಖ: ಬೋಧನಾಭ್ಯಾಸದ ಒಂದು ಅನುಭವ

ತರಗತಿ: ಒಂಬತ್ತು. ವಿಷಯ: ವಿಜ್ಞಾನ. ಪಾಠಾಂಶ: ಹಸಿರುಮನೆ ಪರಿಣಾಮ ಮತ್ತು ಹವಾಮಾನ ಬದಲಾವಣೆ. ಅವಧಿ: ಯೋಜಿಸಿದ್ದು ಒಂದು, ಆದದ್ದು ಮೂರು.

2025-26ನೇ ಸಾಲಿನ ಶಾಲಾ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಮಂಠಾಳ ಹೋಬಳಿಯ ಒಂದು ಪ್ರೌಢಶಾಲೆ. ನಾನೂ ಇದೇ ಹೋಬಳಿಯವಳು, ಒಣಬೇಸಾಯದ ಮನೆಯ ಮಗಳು. ಆದ್ದರಿಂದ ಮಕ್ಕಳನ್ನು ಅರಿಯಲು ನನಗೆ ಹೆಚ್ಚು ದಿನ ಬೇಕಾಗುವುದಿಲ್ಲ ಎಂಬ ಧೈರ್ಯವಿತ್ತು. ಮೂರನೇ ವಾರದ ಪಾಠ ಆ ಧೈರ್ಯವನ್ನು ಇಳಿಸಿತು. ಅದು ಹೇಗೆ ಕೆಟ್ಟಿತು, ಅದನ್ನು ತಿದ್ದಲು ಏನು ಮಾಡಿದೆ, ಎಷ್ಟರ ಮಟ್ಟಿಗೆ ತಿದ್ದಿತು ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳ ಮುಂದೆ ಇಡುವುದಷ್ಟೇ ಈ ಲೇಖನದ ಉದ್ದೇಶ.

ಮೊದಲನೇ ಅವಧಿ

ಪಾಠ ಯೋಜನೆ 5ಇ ಮಾದರಿಯಲ್ಲಿತ್ತು. ಕರಗುವ ಹಿಮ, ಬಿರುಕು ಬಿಟ್ಟ ನೆಲ, ಹಿಮಕರಡಿಯ ಚಿತ್ರಗಳನ್ನು ಚಾರ್ಟಿಗೆ ಅಂಟಿಸಿದ್ದೆ. ಸೂರ್ಯನ ಬೆಳಕು ನೆಲಕ್ಕೆ ಬಿದ್ದು ಶಾಖವಾಗಿ ಮರಳುವಾಗ ಇಂಗಾಲದ ಡೈಆಕ್ಸೈಡ್, ನೀರಾವಿ, ಮೀಥೇನ್ ಅದನ್ನು ಹೀರಿ ಹಿಡಿದಿಡುವ ಬಗೆಯನ್ನು ಕಪ್ಪುಹಲಗೆಯ ಮೇಲೆ ಬಿಡಿಸಿದೆ. ಎಲ್ಲ ಯೋಜನೆಯಂತೆಯೇ ನಡೆಯಿತು. ಮೌಲ್ಯಮಾಪನದ ಪ್ರಶ್ನೆ ಕೇಳುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಮೇಡಂ, ಇದು ಹಿಂಗೇ ನಡದ್ರ ನಮ್ಮ ಹೊಲ ಏನ್ ಆಗ್ತದ? ಮುಂದಿನ ವರ್ಷನೂ ಹಿಂಗೇ ಮಳಿ ಬಂದು ಹಾಳ್ ಮಾಡ್ತದೇನು?" ಎಂದ.

ನನ್ನ ಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ಗಂಟೆ ಬಾರಿಸಲು ನಾಲ್ಕು ನಿಮಿಷವಿತ್ತು. "ಹೆದರಬೇಡಿ, ಎಲ್ಲರೂ ಒಂದೊಂದು ಗಿಡ ನೆಟ್ಟರೆ ಎಲ್ಲ ಸರಿಹೋಗುತ್ತದೆ" ಎಂದುಬಿಟ್ಟೆ. ಹುಡುಗ ಕುಳಿತ. ಮುಂದಿನ ಸಾಲಿನ ಒಬ್ಬ ಹುಡುಗಿ ಡೆಸ್ಕಿನ ಮೇಲೆ ತಲೆಯಿಟ್ಟವಳು ಎತ್ತಲೇ ಇಲ್ಲ. ಚಾರ್ಟು ಸುತ್ತಿಕೊಂಡು ವರಾಂಡದಲ್ಲಿ ಹೋಗುವಾಗ ಅದೇ ಹುಡುಗ ಗೆಳೆಯನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಗಿಡ ಹಚ್ಚಿದ್ರ ಉದ್ದು ವಾಪಸ್ ಬರ್ತದೇನೋ?"

ಅಂದಿನ ವೀಕ್ಷಣಾ ಪತ್ರದಲ್ಲಿ ವಿಷಯ ಸ್ಪಷ್ಟತೆ, ಕಪ್ಪುಹಲಗೆ ಬಳಕೆ, ಧ್ವನಿ, ಎಲ್ಲಕ್ಕೂ ಒಳ್ಳೆಯ ಷರಾ ಬಂದಿತ್ತು. ಆ ಪತ್ರದಲ್ಲಿ ಹುಡುಗನ ಪ್ರಶ್ನೆಗೆ ಕಾಲಂ ಇಲ್ಲ. ನನ್ನ ಪಾಠ ಯೋಜನೆಯಲ್ಲಿ ಭಾವಾತ್ಮಕ ವಲಯದ ಕಾಲಂ ಇತ್ತು. ಅದರಲ್ಲಿ ನಾನು, ನಾವೆಲ್ಲ ಬರೆಯುವಂತೆ, "ವಿದ್ಯಾರ್ಥಿಯು ಪರಿಸರ ಸಂರಕ್ಷಣೆಯ ಮಹತ್ವವನ್ನು ಪ್ರಶಂಸಿಸುವನು" ಎಂದು ಬರೆದಿದ್ದೆ. ಪ್ರಶಂಸೆ ಬಿಟ್ಟು ಬೇರೆ ಭಾವ ಮಗುವಿಗೆ ಬರಬಹುದೆಂದು ಬಿ.ಎಡ್. ಸೇರಿದ ಮೇಲೆ ಒಮ್ಮೆಯೂ ಯೋಚಿಸಿರಲಿಲ್ಲ.

ಮಕ್ಕಳು ಅಂಜಿದ್ದು ಯಾವುದಕ್ಕೆ

2025ರ ಮುಂಗಾರು ಹೇಗೆ ಮುಗಿಯಿತೆಂದು ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಆಗಸ್ಟ್, ಸೆಪ್ಟೆಂಬರ್ ತಿಂಗಳ ಮಳೆಗೆ ಬೀದರ್, ಕಲಬುರಗಿ ಜಿಲ್ಲೆಗಳಲ್ಲಿ ಹೆಸರು, ಉದ್ದು, ಸೋಯಾ, ತೊಗರಿ ನೀರಲ್ಲಿ ನಿಂತವು. ಮಾಂಜ್ರಾ ಮತ್ತು ಭೀಮಾ ದಂಡೆಗಳ ಹೊಲಗಳು ಮುಳುಗಿದವು. ರಾಶಿಗೆ ಬಂದ ಉದ್ದು ಕಾಯಿಯಲ್ಲೇ ಮೊಳಕೆ ಒಡೆದದ್ದನ್ನು ನನ್ನ ಮನೆಯ ಹೊಲದಲ್ಲಿ ನಾನೇ ಕಂಡಿದ್ದೇನೆ. ಆದರೂ ತರಗತಿಗೆ ಹಿಮಕರಡಿಯನ್ನು ಒಯ್ದೆ. ಆ ಕರಡಿಯನ್ನು ಕುರಿತು ಯಾವ ಮಗುವೂ ಏನೂ ಕೇಳಲಿಲ್ಲ.

ಇದಕ್ಕೆ ಮೊದಲಿನ ನೆನಪೂ ಇದೆ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂತು. ಲಾತೂರು ನಮ್ಮಿಂದ ನೂರು ಕಿಲೋಮೀಟರು ಚಿಲ್ಲರೆ. ಅರ್ಧ ಊರಿನ ಬೀಗರು ಅಲ್ಲೇ ಇದ್ದಾರೆ. ಆಗ ನಾನು ಈ ಮಕ್ಕಳ ವಯಸ್ಸಿನವಳು. ಟಿ.ವಿ.ಯಲ್ಲಿ ನೀರಿನ ವ್ಯಾಗನ್ ನೋಡಿದ ರಾತ್ರಿ ನಮ್ಮ ಬಾವಿಗೂ ಇದೇ ಗತಿಯೆಂದು ನಿದ್ದೆ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ "ಓದು, ನೌಕರಿ ಹಿಡಿ, ಹೊಲದ ಚಿಂತೆ ನಿನಗ್ಯಾಕ" ಎನ್ನುತ್ತಿದ್ದರು. ಅದೂ ಪ್ರೀತಿಯ ಮಾತೇ, ಆದರೆ ಅಲ್ಲಿಗೆ ಮಾತು ಮುಗಿಯುತ್ತದೆ. ಗಿಡ ನೆಡಿ ಎಂದು ನಾನು ಹೇಳಿದ್ದೂ ಅದೇ ಜಾತಿಯ ಮಾತು.

ಗ್ರಂಥಾಲಯದಲ್ಲಿ ಹುಡುಕಿದಾಗ ಈ ಅಂಜಿಕೆ ಅಧ್ಯಯನದ ವಿಷಯವೂ ಆಗಿದೆ ಎಂದು ತಿಳಿಯಿತು. 2021ರಲ್ಲಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಲ್ಲಿ ಹತ್ತು ದೇಶಗಳ 16ರಿಂದ 25 ವಯಸ್ಸಿನ ಹತ್ತು ಸಾವಿರ ಮಂದಿಯ ಸಮೀಕ್ಷೆ ಪ್ರಕಟವಾಯಿತು. ಭಾರತವೂ ಅದರಲ್ಲಿತ್ತು. ಶೇ. 59ರಷ್ಟು ಮಂದಿ ಹವಾಮಾನ ಬದಲಾವಣೆಯ ಬಗ್ಗೆ ತೀವ್ರ ಅಥವಾ ಅತಿತೀವ್ರ ಚಿಂತೆಯಿದೆ ಎಂದರು. ಶೇ. 45ಕ್ಕಿಂತ ಹೆಚ್ಚು ಮಂದಿ ಈ ಭಾವನೆಗಳಿಂದ ದಿನನಿತ್ಯದ ಬದುಕಿಗೇ ತೊಂದರೆಯಾಗುತ್ತಿದೆ ಎಂದರು. ಆಸ್ಟ್ರೇಲಿಯಾದ ಗ್ಲೆನ್ ಆಲ್ಬ್ರೆಕ್ಟ್ ಎಂಬ ಚಿಂತಕರು, ಊರು ಬಿಡದೆಯೂ ಕಣ್ಣೆದುರೇ ಊರು ಬದಲಾಗಿ ಹೋದಾಗ ಆಗುವ ಸಂಕಟಕ್ಕೆ 2003ರಲ್ಲಿ 'ಸೊಲಾಸ್ಟಾಲ್ಜಿಯಾ' ಎಂಬ ಹೆಸರು ಕೊಟ್ಟರು. ಕಲ್ಲಿದ್ದಲ ಗಣಿಗಳ ಪಕ್ಕದ ಜನರನ್ನು ನೋಡಿ ಹುಟ್ಟಿದ ಪದ ಅದು. ನಮ್ಮ ಮಕ್ಕಳಿಗೆ ಪದ ಬೇಕಿಲ್ಲ, ಸಂಕಟ ಗೊತ್ತಿದೆ.

ನನಗೆ ಕೆಲಸಕ್ಕೆ ಬಂದದ್ದು ಸ್ವೀಡನ್ನಿನ ಸಂಶೋಧಕಿ ಮರಿಯಾ ಓಯಾಲಾ ಅವರ ಮಾತು. ಮಕ್ಕಳು, ಹದಿಹರೆಯದವರು ಈ ಚಿಂತೆಯನ್ನು ಮೂರು ಬಗೆಯಲ್ಲಿ ನಿಭಾಯಿಸುತ್ತಾರೆ ಎಂದು ಅವರು ಕಂಡುಕೊಂಡರು. ಒಂದು, ಸಮಸ್ಯೆ ಅಷ್ಟು ದೊಡ್ಡದಲ್ಲ ಎಂದು ಕೈಬಿಡುವುದು. ಎರಡು, ಸಮಸ್ಯೆಯನ್ನೇ ಬಗೆಹರಿಸಲು ಹೊರಡುವುದು. ಮೂರು, ಸಮಸ್ಯೆ ನಿಜವೆಂದು ಒಪ್ಪಿಕೊಂಡೇ ಅದರೊಳಗೆ ಅರ್ಥ, ಭರವಸೆ, ಜೊತೆಗಾರರನ್ನು ಹುಡುಕಿಕೊಳ್ಳುವುದು. ಬಗೆಹರಿಸಲು ಮಾತ್ರ ಹೊರಟ ಮಕ್ಕಳಲ್ಲಿ ಮನಸ್ಸಿನ ಭಾರ ಇಳಿಯುವ ಬದಲು ಹೆಚ್ಚಿದ್ದುಂಟು. ಸಮಸ್ಯೆ ಅವರ ಕೈಗೆ ಮೀರಿದ್ದಲ್ಲವೆ? ಮೂರನೆಯ ದಾರಿಯವರು ಮನಸ್ಸೂ ನೆಟ್ಟಗಿಟ್ಟುಕೊಂಡು ಕೆಲಸಕ್ಕೂ ನಿಲ್ಲುತ್ತಿದ್ದರು. ಇದನ್ನು ಓದಿದ ಮೇಲೆ ನನ್ನ ಗಿಡದ ಮಾತಿನ ದೋಷ ಇನ್ನಷ್ಟು ಸ್ಪಷ್ಟವಾಯಿತು. ಅದು ಮಗುವಿನ ತಲೆಯ ಮೇಲೆ ಭೂಗೋಳವನ್ನು ಉಳಿಸುವ ಹೊಣೆ ಹೊರಿಸಿ, ಕೈಗೆ ಒಂದು ಸಸಿ ಕೊಟ್ಟಂತೆ ಇತ್ತು.

ಎರಡನೇ ಅವಧಿ: ಲೆಕ್ಕ ಸರಿಮಾಡುವುದು

ಮಾರ್ಗದರ್ಶಕ ಶಿಕ್ಷಕರನ್ನು ಕೇಳಿ ಇನ್ನೊಂದು ಅವಧಿ ಪಡೆದೆ. ಶುರುವಿನಲ್ಲೇ, "ಹೋದ ಸಲ ಕೇಳಿದ ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ. ನಮ್ಮ ಹೊಲದಾಗೂ ಉದ್ದು ಹೋಗ್ಯಾದ, ನನಗೂ ಅಂಜಿಕೆ ಆಗ್ತದ" ಎಂದೆ. ತರಗತಿ ಒಮ್ಮೆಲೇ ಸುಮ್ಮನಾಯಿತು. ಶಿಕ್ಷಕರು ತಮ್ಮ ಅಂಜಿಕೆಯನ್ನು ಮಕ್ಕಳಿಗೆ ತೋರಿಸಬಾರದು ಎಂಬ ವಾದವಿದೆ. ಅಳುತ್ತ ನಿಂತರೆ ತಪ್ಪು, ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋದರೆ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ.

ಹವಾಮಾನದ ಬಗ್ಗೆ ಅವರು ಕೇಳಿದ್ದನ್ನೆಲ್ಲ ಹೆಸರು ಬರೆಯದೆ ಚೀಟಿಯಲ್ಲಿ ಬರೆಯಲು ಹೇಳಿದೆ. ಬಂದ ಚೀಟಿಗಳಲ್ಲಿ ಮೂರು ಸಂಗತಿಗಳು ಮತ್ತೆ ಮತ್ತೆ ಬಂದವು. 2030ಕ್ಕೆ ಭೂಮಿ ಮುಗಿಯುತ್ತದೆ. ಇನ್ನು ಮೇಲೆ ಪ್ರತಿ ವರ್ಷ ಹೀಗೇ ಆಗುತ್ತದೆ. ಮೂರನೆಯದು ನನ್ನನ್ನು ಹೆಚ್ಚು ಕಲಕಿತು: "ನಾವು ತೊಗರಿ ಕಟ್ಟಿಗಿ ಸುಡ್ತೀವಿ, ಅದಕ್ಕೇ ಹಿಂಗ್ ಆಗ್ಯಾದೇನು?"

ಮೊದಲನೆಯದು ಮೊಬೈಲ್ ವಿಡಿಯೊಗಳಿಂದ ಬಂದದ್ದು. ಅದರ ಮೂಲ ಐಪಿಸಿಸಿಯ 2018ರ ವರದಿ. ತಾಪ ಏರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸಬೇಕಾದರೆ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2030ರ ಹೊತ್ತಿಗೆ 2010ರ ಮಟ್ಟಕ್ಕಿಂತ ಸುಮಾರು ಶೇ. 45 ಇಳಿಯಬೇಕು ಎಂದಿತು ಅದು. ಭೂಮಿ ಅಂದು ಮುಗಿಯುತ್ತದೆ ಎಂದು ಎಲ್ಲೂ ಹೇಳಿಲ್ಲ. 1.5 ಎಂಬುದು ಕಾಲು ಜಾರಿದರೆ ಸತ್ತೇಹೋಗುವ ಬಾವಿಯ ಅಂಚಲ್ಲ, ಇಳಿದಷ್ಟೂ ಏರುವುದು ಕಷ್ಟವಾಗುವ ಇಳಿಜಾರು. ಪ್ರತಿ ಹತ್ತನೇ ಒಂದು ಡಿಗ್ರಿಗೂ ಬೆಲೆಯಿದೆ ಎಂದು ವಿವರಿಸಿದೆ. ಸಮಾಧಾನ ಮಾಡಲೆಂದು ಸುಳ್ಳು ಹೇಳಲಿಲ್ಲ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ತೊಡಗಿದಾಗ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇತ್ತು, 2024ರಲ್ಲಿ 424ರ ಆಸುಪಾಸು ಇತ್ತು. ಈ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಅವರ ಕೈಯಲ್ಲೇ ಗುರುತಿಸಿಸಿದೆ. ಗೆರೆ ಮೇಲಕ್ಕೇ ಹೋಗುತ್ತದೆ, ಮುಚ್ಚಿಡುವಂತಿಲ್ಲ.

ಎರಡನೆಯದಕ್ಕೆ ಒಂದು ಚೆಂಬು, ಒಂದು ಕೊಡ ತಂದಿದ್ದೆ. ಗಾಳಿಯ ಉಷ್ಣತೆ 1 ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ. 7 ಹೆಚ್ಚುತ್ತದೆ. ಚೆಂಬು ಬೇಗ ತುಂಬುತ್ತದೆ, ಬೇಗ ಚೆಲ್ಲುತ್ತದೆ. ಕೊಡ ತುಂಬಲು ಹೊತ್ತು ಬೇಕು, ಚೆಲ್ಲಿದರೆ ಅಂಗಳವೆಲ್ಲ ನೀರು. ನಡುವೆ ಉದ್ದನೆಯ ಒಣ ದಿನಗಳು, ಬಂದಾಗ ಒಮ್ಮೆಲೇ ಸುರಿಯುವ ಮಳೆ, ಎರಡೂ ಒಂದೇ ಕಾರಣದಿಂದ ಹೇಗೆ ಬರುತ್ತವೆ ಎಂಬುದು ಇದರಿಂದ ಚೆನ್ನಾಗಿ ಹಿಡಿಯಿತು. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳ ತಂಡ 2017ರಲ್ಲಿ ಪ್ರಕಟಿಸಿದಂತೆ, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು ಮೂರುಪಟ್ಟಾಗಿವೆ. ಆದರೆ "ಪ್ರತಿ ವರ್ಷ ಹೀಗೇ" ಎಂಬುದು ತಪ್ಪು. ಇಂಥ ವರ್ಷಗಳು ಹೆಚ್ಚು ಸಲ ಬರಬಹುದು, ನಡುವೆ ಒಳ್ಳೆಯ ವರ್ಷಗಳೂ ಬರುತ್ತವೆ. ಈ ವರ್ಷದ ಈ ಒಂದು ಮಳೆ ಇದರಿಂದಲೇ ಬಂತು ಎಂದು ತರಗತಿಯಲ್ಲಿ ಕುಳಿತು ಹೇಳಲಾಗದು ಎಂಬುದನ್ನೂ ಸೇರಿಸಿದೆ.

ಮೂರನೆಯ ಚೀಟಿಗೆ ಹೆಚ್ಚು ಹೊತ್ತು ಕೊಟ್ಟೆ. ನಾವು ಪಾಠದಲ್ಲಿ "ಮಾನವನ ಚಟುವಟಿಕೆಗಳಿಂದ" ಎನ್ನುತ್ತೇವೆ. ಯಾವ ಮಾನವ ಎಂದು ಹೇಳುವುದಿಲ್ಲ. ಮಗು ಆ ಮಾನವ ತಾನೇ ಎಂದುಕೊಳ್ಳುತ್ತದೆ. ವರ್ಷಕ್ಕೆ ಒಬ್ಬ ಭಾರತೀಯನ ಸರಾಸರಿ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ಸುಮಾರು 2 ಟನ್, ಅಮೆರಿಕದವನದು 14ರ ಆಸುಪಾಸು. ಸರಾಸರಿ ಭಾರತೀಯನಲ್ಲೂ ವಿಮಾನದಲ್ಲಿ ಓಡಾಡುವವನಿದ್ದಾನೆ, ಮಂಠಾಳದಿಂದ ಕಲ್ಯಾಣಕ್ಕೆ ಟಮ್‌ಟಮ್‌ನಲ್ಲಿ ಹೋಗುವವನೂ ಇದ್ದಾನೆ. ಒಲೆಗೆ ಇಟ್ಟ ತೊಗರಿ ಕಟ್ಟಿಗೆಯ ಇಂಗಾಲ ಅದೇ ವರ್ಷ ಗಾಳಿಯಿಂದ ಗಿಡ ಎಳೆದುಕೊಂಡದ್ದು, ಕಲ್ಲಿದ್ದಲಿನದು ಕೋಟ್ಯಂತರ ವರ್ಷ ನೆಲದಡಿ ಹೂತಿದ್ದದ್ದು. (ಹೊಗೆ ಅವ್ವನ ಕಣ್ಣಿಗೆ, ಎದೆಗೆ ಕೆಟ್ಟದ್ದು, ಅದು ಬೇರೆ ಪಾಠ.) ಇಂಗಾಲದ ಚಕ್ರದ ಪಾಠಾಂಶವನ್ನು ನಾನು ಇದಕ್ಕಿಂತ ಚೆನ್ನಾಗಿ ಮುಂದೆಂದೂ ಕಲಿಸಲಾರೆ ಅನ್ನಿಸುತ್ತದೆ, ಏಕೆಂದರೆ ಒಬ್ಬ ಮಗುವಿಗಾದರೂ ಅದರ ಉತ್ತರ ನಿಜವಾಗಿ ಬೇಕಾಗಿತ್ತು. ಚೀಟಿ ಬರೆದವರು ಯಾರೆಂದು ನಾನು ಹುಡುಕಲಿಲ್ಲ.

ಮೂರನೇ ಅವಧಿ: ಹೋದದ್ದರ ಪಟ್ಟಿ

ಅಂಜಿಕೆ ಮುಂದೆ ಬರುವುದರ ಬಗ್ಗೆ, ದುಃಖ ಆಗಲೇ ಹೋದದ್ದರ ಬಗ್ಗೆ. ಎರಡಕ್ಕೂ ಒಂದೇ ಮದ್ದು ನಡೆಯದು. ಅಂಜಿಕೆಗೆ ಸರಿಯಾದ ಲೆಕ್ಕ ಸ್ವಲ್ಪ ಸಹಾಯ ಮಾಡುತ್ತದೆ, ದುಃಖಕ್ಕೆ ಮಾಡದು. ನಮ್ಮಲ್ಲಿ ಮನುಷ್ಯ ಹೋದರೆ ಮಾತಾಡಿಸಲು ಜನ ಬರುತ್ತಾರೆ, ಬುತ್ತಿ ತರುತ್ತಾರೆ. ಬೆಳೆ ಹೋದರೆ ಸರ್ವೇ ಮಾಡಲು ಬರುತ್ತಾರೆ. ಸರ್ವೇ ಬೇಕೇ ಬೇಕು, ಪರಿಹಾರವೂ ಬೇಕು. ಆದರೆ ಹದಿನಾಲ್ಕು ವರ್ಷದ ಮಗುವನ್ನು "ನಿಮ್ಮ ಉದ್ದು ಹೋಯ್ತಂತಲ್ಲ" ಎಂದು ಯಾರೂ ಮಾತಾಡಿಸುವುದಿಲ್ಲ.

ಮನೆಯ ಹಿರಿಯರನ್ನು ಕೇಳಿ, ಮೊದಲು ಇದ್ದು ಈಗ ಇಲ್ಲದ ಒಂದು ವಸ್ತುವನ್ನು ಬರೆದುಕೊಂಡು ಬರಲು ಹೇಳಿದ್ದೆ. ಎತ್ತು ಎಂದು ಬರೆದವರು ಆರು ಮಂದಿ. ಬಾವಿಯಲ್ಲಿ ಈಜುವುದು ಎಂದು ಕೆಲವರು. ಹಳ್ಳದ ಏಡಿ, ಹಿತ್ತಲ ಬೇವಿನ ಮರ, ಬಿಳಿ ಜೋಳದ ಸೀತನಿ. ಒಬ್ಬ ಹುಡುಗಿ "ಅಪ್ಪ, ಪುಣೆಗೆ ಹೋಗ್ಯಾನ" ಎಂದು ಬರೆದಿದ್ದಳು. ಮೊದಲ ದಿನ ಡೆಸ್ಕಿನ ಮೇಲೆ ತಲೆಯಿಟ್ಟವಳು ಅವಳೇ. ಒಬ್ಬ ಖಾಲಿ ಹಾಳೆ ಕೊಟ್ಟ. ಅದನ್ನೂ ಎಲ್ಲದರ ಜೊತೆ ಇಟ್ಟೆ, ಯಾಕೆಂದು ಕೇಳಲಿಲ್ಲ.

ಓದಲು ಇಷ್ಟಪಟ್ಟವರು ಓದಿದರು. ಯಾರ ಮಾತಿಗೂ ನಾನು ಪರಿಹಾರ ಹೇಳಲಿಲ್ಲ, ಇದು ಅಂದುಕೊಂಡದ್ದಕ್ಕಿಂತ ಕಷ್ಟ. ಶಿಕ್ಷಕರ ಬಾಯಿಗೆ ಉತ್ತರ ತಾನಾಗಿ ಬರುತ್ತದೆ. ಆಮೇಲೆ ಎಲ್ಲರೂ ಸೇರಿ ಪಟ್ಟಿಯನ್ನು ಬೇರ್ಪಡಿಸಿದೆವು: ಯಾವುದು ಹವಾಮಾನದಿಂದ ಹೋಯಿತು, ಯಾವುದು ಬೇರೆ ಕಾರಣದಿಂದ? ಎತ್ತು ಹೋದದ್ದು ಟ್ರ್ಯಾಕ್ಟರ್ ಬಂದದ್ದರಿಂದ, ಮೇವು ತುಟ್ಟಿಯಾದದ್ದರಿಂದ. ತೆರೆದ ಬಾವಿ ಬತ್ತಿದ್ದರಲ್ಲಿ ಮಳೆಗಿಂತ ಸುತ್ತಲಿನ ಬೋರ್‌ವೆಲ್‌ಗಳ ಪಾಲು ದೊಡ್ಡದು. ಬೇವಿನ ಗಿಡದ ತುದಿ ಒಣಗುವುದಕ್ಕೆ ಶಿಲೀಂಧ್ರದ ರೋಗವೊಂದು ಕಾರಣವಾಗಿರಬಹುದು. ಬಿಳಿ ಜೋಳ ಕಡಿಮೆಯಾದದ್ದು ಪೇಟೆಯ ಲೆಕ್ಕಾಚಾರ. ಅಪ್ಪ ಪುಣೆಗೆ ಹೋದದ್ದು ಯಾವ ಕಾಲಂಗೆ ಎಂದು ಹುಡುಗಿಯನ್ನೇ ಕೇಳಿದಾಗ, ಸ್ವಲ್ಪ ಹೊತ್ತು ಯೋಚಿಸಿ, "ಎರಡೂದರಾಗ ಬರ್ರಿ" ಎಂದಳು. ಸೊಸೈಟಿ ಸಾಲ ಮೊದಲೇ ಇತ್ತು, ಮಳೆ ಆಮೇಲೆ ಬಂತು.

ಈ ಬೇರ್ಪಡಿಸುವಿಕೆ ವಿಜ್ಞಾನದ ಕೆಲಸ. ಎಲ್ಲ ನಷ್ಟವನ್ನೂ ಒಂದೇ ಕಾಣದ ಶಕ್ತಿಯ ಮೇಲೆ ಹಾಕಿದರೆ ಮನಸ್ಸು ಕುಸಿಯುತ್ತದೆ. ಕಾರಣಗಳು ಬಿಡಿಬಿಡಿಯಾದಾಗ ಕೆಲವಕ್ಕೆ ಊರಲ್ಲೇ ಮಾತಾಡಬಹುದೆಂದು ಕಾಣುತ್ತದೆ. ಒಬ್ಬ ಹುಡುಗ ಬೀದರಿನ ನೌಬಾದಿನ ಸುರಂಗ ಬಾವಿಯ ವಿಷಯ ಎತ್ತಿದ. ಅವನು ಪ್ರವಾಸದಲ್ಲಿ ನೋಡಿದ್ದನಂತೆ. ಬಹಮನಿ ಕಾಲದ ಕರೇಜ್ ಅದು, ಹೂಳು ತುಂಬಿ ಮರೆತುಹೋಗಿದ್ದನ್ನು ಇತ್ತೀಚಿನ ವರ್ಷಗಳಲ್ಲಿ ಹೂಳೆತ್ತಿ ಮತ್ತೆ ನೀರು ಕಂಡರು. ನನ್ನ ಯೋಜನೆಯಲ್ಲಿ ಅದು ಇರಲಿಲ್ಲ.

ಇನ್ನೊಬ್ಬಳ ಅಜ್ಜಿ 1972ರ ಬರ ಹೇಳಿ ಕಳಿಸಿದ್ದಳು: ಕಲ್ಲೊಡೆಯುವ ಕೆಲಸ, ಹೊರದೇಶದ ಕೆಂಪು ಜೋಳದ ರೊಟ್ಟಿ. "ಅವರು ಬದುಕಿದರು, ನೀವೂ ಬದುಕುತ್ತೀರಿ" ಎಂದು ಹೇಳಲು ನಾಲಿಗೆ ತುದಿಗೆ ಬಂತು. ಹೇಳಲಿಲ್ಲ, ಅದೂ ಬಾಯಿ ಮುಚ್ಚಿಸುವ ಮಾತೇ. ಬದಲಿಗೆ ಅಜ್ಜಿ ಆಗ ಯಾರ ಜೊತೆ ಇದ್ದಳು, ಯಾರು ಕಾಳು ಹಂಚಿಕೊಂಡರು ಎಂದು ಕೇಳಿಕೊಂಡು ಬರಲು ಹೇಳಿದೆ.

ಮಳೆಯ ವಹಿ

ಕೊನೆಗೆ ಮಾಡಲು ಏನಾದರೂ ಬೇಕಿತ್ತು. ಭೂಮಿ ಉಳಿಸುವಂಥದ್ದಲ್ಲ, ಅವರ ಕೈಯಲ್ಲಿ ಮುಗಿಯುವಂಥದ್ದು. ಎರಡು ಲೀಟರ್ ಬಾಟಲಿಯ ಕತ್ತು ಕತ್ತರಿಸಿ ತಲೆಕೆಳಗಾಗಿ ಕೂಡಿಸಿ, ತಳದ ಏರುತಗ್ಗನ್ನು ಕಲ್ಲು ಮತ್ತು ನೀರಿನಿಂದ ಸಮ ಮಾಡಿ, ಆ ನೀರಿನ ಮಟ್ಟವನ್ನೇ ಸೊನ್ನೆ ಎಂದು ಗುರುತಿಸಿ ಪಕ್ಕಕ್ಕೆ ಸ್ಕೇಲು ಅಂಟಿಸಿ ಮಳೆಮಾಪಕ ಮಾಡಿದರು. ಬೆಳಗಿನ ಪ್ರಾರ್ಥನೆಗೆ ಮೊದಲು ಇಬ್ಬರು ಓದಿ ವಹಿಯಲ್ಲಿ ಬರೆಯಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ತಮ್ಮ ಅಂಕಿಯನ್ನು ಅದರ ಅಂಕಿಗೆ ಹೋಲಿಸಬಹುದು. ಹಿಂಗಾರಿನಲ್ಲಿ ಮಳೆ ಎಲ್ಲಿ ಎಂದು ಹುಡುಗರು ನಕ್ಕರು. ಸೊನ್ನೆಯೂ ಬರೆಯಬೇಕಾದ ಅಂಕಿಯೇ ಎಂದೆ. ಮೊದಲ ಹತ್ತು ದಿನ ಸೊನ್ನೆಗಳೇ ಬಂದವು, ಅವನ್ನು ಬರೆಯಲು ಜಗಳವಾಡಿದರು.

ಮಿತಿಗಳು

ಪಿರಿಯಡ್‌ಗಳನ್ನು ಎರವಲು ಪಡೆದದ್ದರಿಂದ ನನ್ನ ಘಟಕ ಯೋಜನೆ ಹಿಂದೆ ಬಿತ್ತು. "ಇದು ವಿಜ್ಞಾನದ ತರಗತಿಯೋ ಆಪ್ತಸಮಾಲೋಚನೆಯೋ" ಎಂಬ ಪ್ರಶ್ನೆ ಚರ್ಚಾ ಸಭೆಯಲ್ಲಿ ಬಂತು. ನ್ಯಾಯವಾದ ಪ್ರಶ್ನೆ. ನಾನು ಸಮಾಲೋಚಕಿ ಅಲ್ಲ. ಮಗು ಎರಡು ವಾರಕ್ಕೂ ಮೀರಿ ಸರಿಯಾಗಿ ಉಣ್ಣದಿದ್ದರೆ, ಮಲಗದಿದ್ದರೆ, ಶಾಲೆ ತಪ್ಪಿಸುತ್ತಿದ್ದರೆ, ಬದುಕು ಸಾಕೆಂಬ ಮಾತಾಡಿದರೆ ತರಗತಿಯ ಚಟುವಟಿಕೆ ಸಾಲದು. ಸಾಯುವ ಮಾತು ಬಂದರಂತೂ ಎರಡು ವಾರ ಕಾಯದೆ ಅಂದೇ ಮುಖ್ಯ ಶಿಕ್ಷಕರಿಗೆ, ಮನೆಯವರಿಗೆ ತಿಳಿಸಿ ತಾಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ಟೆಲಿ-ಮಾನಸ್ 14416 ಉಚಿತ ಕರೆ, ಕನ್ನಡದಲ್ಲೂ ಮಾತಾಡುತ್ತಾರೆ. ಈ ಸಂಖ್ಯೆಯನ್ನು ತರಗತಿಯ ಗೋಡೆಗೆ ಬರೆಸಿದ್ದೇನೆ.

ಅಪ್ಪ ಪುಣೆಗೆ ಹೋದ ಹುಡುಗಿ ಆಮೇಲೆ ನಾಲ್ಕು ದಿನ ಬರಲಿಲ್ಲ. ಪಾಠದಿಂದ ಗಾಯ ಕೆದಕಿದೆನೇನೋ ಎಂದು ನನಗೆ ಭಯವಾಯಿತು. ಮಾರ್ಗದರ್ಶಕ ಶಿಕ್ಷಕರು ಮನೆಗೆ ಹೋಗಿ ಬಂದರು. ತಾಯಿಯ ಜೊತೆ ಕಡಲೆ ಬಿತ್ತನೆಗೆ ಹೋಗಿದ್ದಳಂತೆ, ಬೇರೆ ಕೈ ಇರಲಿಲ್ಲ. ಮರಳಿ ಬಂದ ದಿನ ಅವಳು ಕೇಳಿದ್ದು ತಪ್ಪಿದ ನೋಟ್ಸನ್ನು. ಅವಳಿಗೆ ಈ ಮೂರು ಪಾಠಗಳಿಂದ ಏನಾಯಿತೋ ನನಗೆ ತಿಳಿಯದು, ಊಹಿಸಿ ಬರೆಯಲಾರೆ.

ಇನ್ನೊಂದು ಮಿತಿ ನಮ್ಮೆಲ್ಲರದು. ಪ್ರಶಿಕ್ಷಣಾರ್ಥಿ ಕೆಲವು ವಾರ ಇದ್ದು ಹೋಗುತ್ತಾಳೆ. ಮಕ್ಕಳ ಮನಸ್ಸು ತೆರೆಸಿ ಹೊರಟುಬಿಡುವುದು ಸರಿಯಲ್ಲ. ಹೀಗಾಗಿ ಕೊನೆಯ ವಾರ ಚೀಟಿಗಳನ್ನು, ಹೋದದ್ದರ ಪಟ್ಟಿಯನ್ನು ಮಕ್ಕಳನ್ನೇ ಕೇಳಿ, ಅವರು ಒಪ್ಪಿದಷ್ಟನ್ನು ಮಾತ್ರ ಮಾರ್ಗದರ್ಶಕ ಶಿಕ್ಷಕರಿಗೆ ಒಪ್ಪಿಸಿದೆ. ಖಾಲಿ ಹಾಳೆ ಕೊಟ್ಟವನು ತನ್ನ ಹಾಳೆ ವಾಪಸ್ ತೆಗೆದುಕೊಂಡ. ಮಳೆಯ ವಹಿ ಮುಖ್ಯ ಶಿಕ್ಷಕರ ಕೊಠಡಿಯ ಕಿಟಕಿಯ ಮೇಲಿದೆ. ಮೊದಲ ದಿನ ಪ್ರಶ್ನೆ ಕೇಳಿದ ಹುಡುಗ ಅದಕ್ಕೆ ಮುಂದಿನ ಜೂನ್‌ವರೆಗೆ ಕಾಲಂ ಎಳೆದಿಟ್ಟಿದ್ದಾನೆ. ಎಳ್ಳಮಾವಾಸ್ಯೆಗೆ ಅವರ ಹೊಲಕ್ಕೆ ಭಜ್ಜಿ ಉಣ್ಣಲು ಕರೆದಿದ್ದಾನೆ. ಸೋಯಾ ಹೋದ ಹೊಲದಲ್ಲಿ ಈಗ ಕಡಲೆ ಮೊಣಕಾಲಿನ ಹತ್ತಿರ ಬಂದಿದೆಯಂತೆ.